ಅಂತರರಾಷ್ಟ್ರೀಯ ಐಚ್ಛಿಕ ಮಾನಕಗಳು: ಸರ್ಕಾರದ ನೆರವು ಹಾಗೂ ನಮ್ಮ ಬೆಲ್ಲದ ಉದ್ಯಮ

ಪೀಠಿಕೆ

ಮಾಲಿನ ಬೆಲೆಯನ್ನು ಬೇಡಿಕೆ ಮತ್ತು ಪೂರೈಕೆಗಳು ನಿರ್ಧರಿಸುತ್ತವೆ ಎಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠ. ಆದರೆ ಆ ಮಾಲು ಹೊರದೇಶದ ಮಾರುಕಟ್ಟೆಯನ್ನು ಪ್ರವೇಶಿಸಬಹುದೇ ಎಂಬ ಪ್ರಶ್ನೆ ಬೆಲೆಗಿಂತ ಮೊದಲು ಬರುತ್ತದೆ. ಅದಕ್ಕೆ ಉತ್ತರ ಹೇಳುವುದು ಮಾನಕ. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕಬ್ಬಿನ ನಾಡು. ಅನಗವಾಡಿಯಂತಹ ಗ್ರಾಮಗಳ ರೈತರಿಂದ ಹಿಡಿದು ಮಹಾಲಿಂಗಪುರದ ಬೆಲ್ಲದ ಪೇಟೆಯ ಅಡತಿ ವ್ಯಾಪಾರಸ್ಥರವರೆಗೆ ಎಲ್ಲರಿಗೂ ಈ ವಿಷಯ ಸಂಬಂಧಿಸಿದೆ. ಆದ್ದರಿಂದ ಐಚ್ಛಿಕ ಮಾನಕಗಳೆಂದರೇನು, ಅವುಗಳ ರಚನೆಯಲ್ಲಿ ನಮ್ಮ ದೇಶ ಹೇಗೆ ಪಾಲ್ಗೊಳ್ಳುತ್ತದೆ, ಸರ್ಕಾರದ ನೆರವು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಐಚ್ಛಿಕವಾದರೂ ಅನಿವಾರ್ಯ

ಕಾನೂನಿನ ಬಲದಿಂದ ಹೇರಲ್ಪಡದ ಮಾನಕವೇ ಐಚ್ಛಿಕ ಮಾನಕ. ಇವುಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ರಾಷ್ಟ್ರಗಳು ಕೂಡಿ ರೂಪಿಸುವಂಥದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ಮತ್ತು 1963ರಲ್ಲಿ ಆರಂಭವಾದ ಆಹಾರ ಮಾನಕಗಳ ಕೋಡೆಕ್ಸ್ ಆಯೋಗ ಇದಕ್ಕೆ ಉದಾಹರಣೆಗಳು. ಎರಡನೆಯದು ಖಾಸಗಿ ಸಂಸ್ಥೆಗಳು ಅಥವಾ ಖರೀದಿದಾರರ ಒಕ್ಕೂಟಗಳು ರೂಪಿಸುವಂಥದು. ಕಬ್ಬಿಗೆ ಬಾನ್‌ಸುಕ್ರೊ, ಹಣ್ಣು-ತರಕಾರಿಗೆ ಗ್ಲೋಬಲ್ ಗ್ಯಾಪ್, ಸಾವಯವ ಜವಳಿಗೆ ಗಾಟ್ಸ್ ಈ ವರ್ಗಕ್ಕೆ ಸೇರುತ್ತವೆ.

ಐಚ್ಛಿಕವೆಂದ ಮಾತ್ರಕ್ಕೆ ಕಡೆಗಣಿಸುವಂತಿಲ್ಲ. 1995ರಲ್ಲಿ ಜಾರಿಗೆ ಬಂದ ವಿಶ್ವ ವಾಣಿಜ್ಯ ಸಂಘಟನೆಯ ಆಹಾರ ಸುರಕ್ಷತೆ ಹಾಗೂ ಸಸ್ಯ-ಪ್ರಾಣಿ ಆರೋಗ್ಯ ಕುರಿತ ಒಪ್ಪಂದದ ಪ್ರಕಾರ, ಒಂದು ದೇಶದ ಆಮದು ನಿಯಮವು ಕೋಡೆಕ್ಸ್‌ನಂತಹ ಅಂತರರಾಷ್ಟ್ರೀಯ ಮಾನಕಕ್ಕೆ ಅನುಗುಣವಾಗಿದ್ದರೆ ಅದು ಒಪ್ಪಂದಕ್ಕೆ ಬದ್ಧವೆಂದು ಭಾವಿಸಲಾಗುತ್ತದೆ. ಹೀಗಾಗಿ ಇಂದು ಐಚ್ಛಿಕವಾಗಿರುವ ಮಾನಕ ನಾಳೆ ಬಂದರಿನ ತಪಾಸಣೆಯ ಅಳತೆಗೋಲಾಗಬಹುದು. ಖಾಸಗಿ ಮಾನಕಗಳಿಗೆ ಈ ಕಾನೂನಿನ ಆಸರೆ ಇಲ್ಲ. ಆದರೆ ದೊಡ್ಡ ಖರೀದಿದಾರನು ಪ್ರಮಾಣಪತ್ರವಿಲ್ಲದೆ ಮಾಲು ಕೊಳ್ಳುವುದಿಲ್ಲವೆಂದರೆ ಪರಿಣಾಮ ಒಂದೇ.

ರಾಷ್ಟ್ರದ ಪ್ರಾತಿನಿಧ್ಯ

ಐಎಸ್‌ಒದಲ್ಲಿ ಭಾರತವನ್ನು ಭಾರತೀಯ ಮಾನಕ ಬ್ಯೂರೋ ಪ್ರತಿನಿಧಿಸುತ್ತದೆ. ಇದರ ಪೂರ್ವರೂಪವಾದ ಭಾರತೀಯ ಮಾನಕ ಸಂಸ್ಥೆ 1947ರ ಜನವರಿಯಲ್ಲಿ ಸ್ಥಾಪನೆಗೊಂಡಿತು. ಐಎಸ್‌ಒದ ಸಾಂಬಾರ ಪದಾರ್ಥಗಳ ಉಪಸಮಿತಿಯ ಕಾರ್ಯದರ್ಶಿ ಹೊಣೆ ಭಾರತದ್ದೇ. ಕೋಡೆಕ್ಸ್ ವ್ಯವಹಾರಕ್ಕೆ ರಾಷ್ಟ್ರೀಯ ಸಂಪರ್ಕ ಕೇಂದ್ರವು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದಲ್ಲಿದೆ. 2013ರಲ್ಲಿ ರಚಿತವಾದ ಸಾಂಬಾರ ಪದಾರ್ಥಗಳ ಕೋಡೆಕ್ಸ್ ಸಮಿತಿಗೆ ಭಾರತವೇ ಆತಿಥೇಯ ರಾಷ್ಟ್ರ. ಅದರ ಮೊದಲ ಅಧಿವೇಶನ 2014ರಲ್ಲಿ ಕೊಚ್ಚಿಯಲ್ಲಿ ನಡೆಯಿತು.

ಖಾಸಗಿ ಮಾನಕಗಳ ವಿಷಯದಲ್ಲಿಯೂ ಒಂದು ಹೆಜ್ಜೆ ಇಡಲಾಗಿದೆ. ವಿಶ್ವಸಂಸ್ಥೆಯ ಐದು ಅಂಗಸಂಸ್ಥೆಗಳು ಕೂಡಿ 2013ರಲ್ಲಿ ಸುಸ್ಥಿರತಾ ಮಾನಕಗಳ ವೇದಿಕೆಯನ್ನು ಆರಂಭಿಸಿದವು. ಅದರ ಆಶ್ರಯದಲ್ಲಿ 2016ರ ಮಾರ್ಚ್‌ನಲ್ಲಿ ಭಾರತೀಯ ಗುಣಮಟ್ಟ ಪರಿಷತ್ತಿನ ಮೂಲಕ ನಮ್ಮ ರಾಷ್ಟ್ರೀಯ ವೇದಿಕೆ ಹೊಸದಿಲ್ಲಿಯಲ್ಲಿ ಸ್ಥಾಪನೆಯಾಯಿತು. ಬ್ರೆಜಿಲ್, ಚೀನಾ ಮತ್ತು ಮೆಕ್ಸಿಕೊ ದೇಶಗಳು ತರುವಾಯ ಇದೇ ಮಾರ್ಗ ಹಿಡಿದವು. ಖಾಸಗಿ ಮಾನಕಗಳಿಂದ ಸಣ್ಣ ಉತ್ಪಾದಕರ ಮೇಲೆ ಬೀಳುವ ಹೊರೆಯನ್ನು ಚರ್ಚೆಗೆ ತರುವುದು ಇಂತಹ ವೇದಿಕೆಗಳ ಉದ್ದೇಶಗಳಲ್ಲಿ ಒಂದು.

ಬೆಲ್ಲದ ಉದಾಹರಣೆ

ಮಾನಕ ರಚನೆಯಲ್ಲಿ ಪಾಲ್ಗೊಳ್ಳುವುದರ ಮಹತ್ವವನ್ನು ಬೆಲ್ಲದ ಉದಾಹರಣೆಯಿಂದ ಸ್ಪಷ್ಟವಾಗಿ ತಿಳಿಯಬಹುದು. ನಮ್ಮಲ್ಲಿ ಬೆಲ್ಲ, ಉತ್ತರ ಭಾರತದಲ್ಲಿ ಗುಡ್, ಕೊಲಂಬಿಯಾದಲ್ಲಿ ಪನೇಲಾ, ಬ್ರೆಜಿಲ್‌ನಲ್ಲಿ ರಪದೂರಾ, ಜಪಾನಿನಲ್ಲಿ ಕೊಕುಟೊ: ಹೆಸರು ಹಲವು, ಮೂಲ ಪದಾರ್ಥ ಒಂದೇ. 2012ರ ಅಂತರರಾಷ್ಟ್ರೀಯ ಸುಂಕ ವರ್ಗೀಕರಣದಲ್ಲಿ ಇಂತಹ ಕಬ್ಬಿನ ಸಕ್ಕರೆಗೆ 1701.13 ಎಂಬ ಪ್ರತ್ಯೇಕ ಉಪಶೀರ್ಷಿಕೆ ದೊರೆಯಿತು. ಆದರೆ ಕೊಲಂಬಿಯಾದ ಪ್ರಸ್ತಾವದಂತೆ ಕೋಡೆಕ್ಸ್‌ನಲ್ಲಿ ಕೈಗೆತ್ತಿಕೊಂಡ ಮಾನಕದ ಕಾರ್ಯ, ಪದಾರ್ಥದ ಹೆಸರು ಮತ್ತು ವ್ಯಾಪ್ತಿಗಳ ಬಗೆಗೆ ದೀರ್ಘ ಚರ್ಚೆ ನಡೆದರೂ ಒಮ್ಮತ ಮೂಡದೆ ನಿಂತುಹೋಯಿತು.

ಅಂಕಿಗಳನ್ನು ಗಮನಿಸಿರಿ. ನಮ್ಮ ದೇಶದ 2011ರ ಆಹಾರ ಮಾನಕ ನಿಯಮಾವಳಿಯಲ್ಲಿ ಬೆಲ್ಲಕ್ಕೆ ವಿಧಿಸಿದ ಸುಕ್ರೋಸ್‌ನ ಕನಿಷ್ಠ ಮಿತಿ ಶೇ. 60. ಮೇಲೆ ಹೇಳಿದ ಸುಂಕ ಉಪಶೀರ್ಷಿಕೆಗಾದರೋ ಒಣ ಸ್ಥಿತಿಯಲ್ಲಿ ಸುಕ್ರೋಸ್ ಅಂಶ ಪೋಲಾರಿಮೀಟರಿನ 69 ಡಿಗ್ರಿಗೆ ಕಡಿಮೆಯಾಗದೆ, 93 ಡಿಗ್ರಿಯನ್ನು ಮುಟ್ಟದೆ ಇರಬೇಕು. ಎರಡರ ಅಳತೆಯ ವಿಧಾನ ಒಂದೇ ಅಲ್ಲದಿದ್ದರೂ, ದೇಶದೊಳಗೆ ಕಾನೂನುಬದ್ಧವಾದ ಬೆಲ್ಲ ಹೊರದೇಶದ ವ್ಯಾಖ್ಯೆಯಿಂದ ಹೊರಗುಳಿಯುವ ಸಂಭವವಿದೆ. ಇಂತಹ ಒಂದೊಂದು ಅಂಕಿಯೂ ಯಾವುದೋ ಸಭೆಯಲ್ಲಿ ನಿಗದಿಯಾಗುತ್ತದೆ. ಆ ಸಭೆಗೆ ನಮ್ಮ ಗಾಣಗಳ ಬೆಲ್ಲದ ಪರೀಕ್ಷಾ ಫಲಿತಾಂಶಗಳು ತಲುಪದಿದ್ದರೆ, ತಲುಪಿಸಿದವರ ಅಂಕಿಯೇ ಮಾನಕವಾಗುತ್ತದೆ.

ಸರ್ಕಾರದ ನೆರವು ಎಲ್ಲಿದೆ?

ಇದುವರೆಗಿನ ಹಣಕಾಸಿನ ನೆರವು ಬಹುಪಾಲು ಪ್ರಮಾಣಪತ್ರ ಪಡೆಯುವ ವೆಚ್ಚಕ್ಕೆ ಸಂಬಂಧಿಸಿದೆ. 1994ರಲ್ಲಿ ಸಣ್ಣ ಕೈಗಾರಿಕೆಗಳಿಗಾಗಿ ಆರಂಭವಾದ ಯೋಜನೆಯಲ್ಲಿ ಐಎಸ್‌ಒ 9000 ಪ್ರಮಾಣೀಕರಣ ವೆಚ್ಚದ ಶೇ. 75ರಷ್ಟನ್ನು, ಗರಿಷ್ಠ ರೂ. 75,000ದವರೆಗೆ, ಮರುಪಾವತಿಸಲಾಗುತ್ತಿತ್ತು. 2016ರಲ್ಲಿ ಪ್ರಾರಂಭವಾಗಿ 2022ರ ಏಪ್ರಿಲ್‌ನಲ್ಲಿ ಪರಿಷ್ಕೃತಗೊಂಡ ಜೆಡ್ ಯೋಜನೆಯಲ್ಲಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆಗಳನ್ನಿಟ್ಟು, ಶುಲ್ಕವನ್ನು ಕ್ರಮವಾಗಿ ರೂ. 10,000, ರೂ. 40,000 ಮತ್ತು ರೂ. 90,000 ಎಂದು ನಿಗದಿಪಡಿಸಲಾಯಿತು. ಸಹಾಯಧನ ಅತಿಸಣ್ಣ ಘಟಕಕ್ಕೆ ಶೇ. 80, ಸಣ್ಣ ಘಟಕಕ್ಕೆ ಶೇ. 60, ಮಧ್ಯಮ ಘಟಕಕ್ಕೆ ಶೇ. 50. ಈ ಲೆಕ್ಕದಲ್ಲಿ ಬೆಳ್ಳಿ ದರ್ಜೆಗೆ ಅತಿಸಣ್ಣ ಘಟಕದ ಸ್ವಂತ ವೆಚ್ಚ ರೂ. 8,000 ಮಾತ್ರ. ಇದು ರಾಷ್ಟ್ರೀಯ ಪ್ರಮಾಣೀಕರಣವಾದರೂ, ದಾಖಲೆ ಇಡುವ ಶಿಸ್ತನ್ನು ಕಲಿಸುವುದರಿಂದ ಅಂತರರಾಷ್ಟ್ರೀಯ ಪ್ರಮಾಣಪತ್ರಕ್ಕೆ ಮೆಟ್ಟಿಲಾಗುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಆ ದಿನದ ನಿಬಂಧನೆಗಳನ್ನು ಪರಿಶೀಲಿಸತಕ್ಕದ್ದು.

ಲೆಕ್ಕಪತ್ರದ ದೃಷ್ಟಿಯಿಂದ ಒಂದು ಸೂಚನೆ. 2015ರ ಹಣಕಾಸು ಕಾಯಿದೆಯ ತಿದ್ದುಪಡಿಯ ನಂತರ ಸರ್ಕಾರದ ಸಹಾಯಧನವನ್ನು ಸಾಮಾನ್ಯವಾಗಿ ತೆರಿಗೆಗೆ ಒಳಪಡುವ ಆದಾಯದಲ್ಲಿ ಸೇರಿಸಲಾಗಿದೆ. ಮರುಪಾವತಿ ಬಂದಾಗ ಅದನ್ನು ಮಾಲೀಕರ ಬಂಡವಾಳ ಖಾತೆಗೆ ಜಮಾ ಮಾಡುವ ರೂಢಿ ಸರಿಯಲ್ಲ.

ಪ್ರಮಾಣಪತ್ರಕ್ಕೆ ದೊರೆಯುವಷ್ಟು ನೆರವು ಮಾನಕ ರಚನೆಯಲ್ಲಿ ಪಾಲ್ಗೊಳ್ಳುವುದಕ್ಕೆ ಸಣ್ಣ ಉತ್ಪಾದಕನಿಗೆ ದೊರೆಯುತ್ತಿಲ್ಲ. ಸಭೆಗೆ ಹೋಗುವ ಪ್ರಯಾಣ ವೆಚ್ಚಕ್ಕಿಂತಲೂ ಮಾದರಿ ಸಂಗ್ರಹ ಮತ್ತು ಪ್ರಯೋಗಾಲಯ ಪರೀಕ್ಷೆಯ ವೆಚ್ಚ ಮುಖ್ಯವಾದುದು. ಒಬ್ಬ ಗಾಣದ ಮಾಲೀಕನು ಇದನ್ನು ಭರಿಸಲಾರನು.

ವಾಣಿಜ್ಯ ಸಂಘಗಳ ಕರ್ತವ್ಯ

1. ಮಾನಕ ಬ್ಯೂರೋ ತನ್ನ ಕರಡು ಮಾನಕಗಳನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಬಿಡುಗಡೆ ಮಾಡುತ್ತದೆ. ಸಕ್ಕರೆ, ಬೆಲ್ಲ ಮತ್ತು ಜವಳಿಗೆ ಸಂಬಂಧಿಸಿದ ಕರಡುಗಳನ್ನು ಗಮನಿಸಲು ಸಂಘವು ಒಂದು ಉಪಸಮಿತಿಯನ್ನು ನೇಮಿಸಬೇಕು.

2. ಹಂಗಾಮಿನಲ್ಲಿ ಬೇರೆ ಬೇರೆ ಗಾಣಗಳ ಬೆಲ್ಲದ ಮಾದರಿ ತೆಗೆದು ತೇವಾಂಶ, ಸುಕ್ರೋಸ್, ಬೂದಿ ಮತ್ತು ಗಂಧಕದ ಡೈಆಕ್ಸೈಡ್ ಪರೀಕ್ಷೆ ಮಾಡಿಸಿ ಫಲಿತಾಂಶಗಳನ್ನು ಕಾಪಾಡಬೇಕು. ಬಣ್ಣಕ್ಕಾಗಿ ಹೈಡ್ರೋಸ್ ಬಳಸಿದ ಬೆಲ್ಲ ಮತ್ತು ಬಳಸದ ಬೆಲ್ಲವನ್ನು ಪ್ರತ್ಯೇಕವಾಗಿ ದಾಖಲಿಸಬೇಕು.

3. ಪರೀಕ್ಷಾ ವೆಚ್ಚವನ್ನು ಮಾನಕ ರಚನೆಯ ನೆರವಿನಲ್ಲಿ ಸೇರಿಸುವಂತೆ ರಾಜ್ಯಮಟ್ಟದ ವಾಣಿಜ್ಯ ಮಹಾಮಂಡಲದ ಮೂಲಕ ಸರ್ಕಾರಕ್ಕೆ ಮನವಿ ಸಲ್ಲಿಸಬೇಕು.

ಉಪಸಂಹಾರ

ರಾಷ್ಟ್ರದ ಪ್ರತಿನಿಧಿಗೆ ಸಭೆಯಲ್ಲಿ ಆಸನವಿದೆ. ಆತನ ಕೈಯಲ್ಲಿ ಇರಬೇಕಾದ ಅಂಕಿ-ಅಂಶಗಳನ್ನು ಒದಗಿಸುವ ಹೊಣೆ ಉತ್ಪಾದನೆಯ ಸ್ಥಳದಲ್ಲಿರುವವರದು. ಬರುವ ಕಬ್ಬಿನ ಹಂಗಾಮಿನೊಳಗೆ ಈ ಕಾರ್ಯ ಆರಂಭವಾದರೆ, ಬೆಲ್ಲದ ವಿಷಯ ಪುನಃ ಅಂತರರಾಷ್ಟ್ರೀಯ ಚರ್ಚೆಗೆ ಬಂದಾಗ ನಮ್ಮ ಭಾಗದ ಗಾಣಗಳ ಪರವಾಗಿ ಮಾತನಾಡಲು ದಾಖಲೆಗಳಿರುತ್ತವೆ.