ಹೆಸರು ಹಿಡಿದು ಪ್ರಾರ್ಥಿಸಿ

ಮತ್ತಾಯ 5:44 ತೆಗೆಯಿರಿ. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಈ ವಾಕ್ಯ ನಮಗೆ ಬಾಯಿಪಾಠ. ಆದ್ರೂ ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳು ಹೇಳೋದು ಒಂದೇ ಮಾತು: "ಪಾಸ್ಟರ್, ಕ್ಷಮಿಸಬೇಕು ಅಂತ ಗೊತ್ತು, ಮನಸ್ಸು ಬರ್ತಿಲ್ಲ." ನೋಡಿ, ಮೊದಲು ಮನಸ್ಸು ಬರಲಿ, ಆಮೇಲೆ ಪ್ರಾರ್ಥಿಸಿ ಅಂತ ಯೇಸುಸ್ವಾಮಿ ಹೇಳಲಿಲ್ಲ. ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಅಂದನು, ಅಷ್ಟೇ. ಗ್ರೀಕ್ ಮೂಲದಲ್ಲಿ ಆ ಕ್ರಿಯಾಪದ ಪ್ರಾರ್ಥಿಸುತ್ತಾ ಇರಿ ಎಂಬ ರೂಪದಲ್ಲಿದೆ. ಒಂದು ಭಾನುವಾರ ಕಣ್ಣೀರು ಹಾಕಿ ಮುಗಿಸೋ ಕೆಲಸ ಅಲ್ಲ ಇದು.

ಲೂಕ 23:34ರಲ್ಲಿ ಯೇಸು ಯಾರ ಜೊತೆ ಮಾತಾಡ್ತಿದ್ದಾನೆ? ಮೊಳೆ ಹೊಡೆದವರ ಜೊತೆ ಅಲ್ಲ, ತಂದೆಯ ಜೊತೆ. ಅವರು ಕ್ಷಮೆ ಕೇಳಿರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಅಪೊಸ್ತಲರ ಕೃತ್ಯಗಳು 7ರಲ್ಲಿ ಸ್ತೆಫನನೂ ಹಾಗೇ. ಕಲ್ಲು ಬೀಳ್ತಿರುವಾಗಲೇ ಮೊಣಕಾಲೂರಿ ಅವರಿಗಾಗಿ ಕೂಗಿದ. ಕಲ್ಲೆಸೆದವರ ಬಟ್ಟೆ ಇದ್ದದ್ದು ಸೌಲನೆಂಬ ಯೌವನಸ್ಥನ ಕಾಲ ಬಳಿ. ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಡಿ ಅಂತ ರೋಮಾಪುರದವರಿಗೆ 12:19ರಲ್ಲಿ ಮುಂದೆ ಬರೆದದ್ದು ಅದೇ ಮನುಷ್ಯ! ಆಮೆನ್?

ಅದು ಬೈಬಲ್ ಕಾಲ ಪಾಸ್ಟರ್, ಅಂತೀರಿ. ಸರಿ, ನಮ್ಮ ದೇಶಕ್ಕೇ ಬರೋಣ. 1999ರ ಜನವರಿ, ಒಡಿಶಾದ ಮನೋಹರಪುರ. ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ತಮ್ಮ ಇಬ್ಬರು ಗಂಡುಮಕ್ಕಳ ಜೊತೆ ರಾತ್ರಿ ವಾಹನದಲ್ಲೇ ಮಲಗಿದ್ದರು. ಗುಂಪೊಂದು ಬಂದು ಬೆಂಕಿ ಹಚ್ಚಿತು. ಮೂವರೂ ತೀರಿಹೋದರು. ಫಿಲಿಪ್‌ಗೆ 10 ವರ್ಷ, ತಿಮೊಥಿಗೆ 6. ನಿಮ್ಮ ಮನೆಯ ಆ ವಯಸ್ಸಿನ ಮಕ್ಕಳನ್ನ ಒಂದು ಕ್ಷಣ ನೆನಸಿಕೊಳ್ಳಿ.

ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂತ ಬಹಿರಂಗವಾಗಿ ಹೇಳಿದರು. ಹೇಳಿ ವಿಮಾನ ಹತ್ತಲಿಲ್ಲ. ಮಗಳು ಎಸ್ತರ್ ಜೊತೆ ಬಾರಿಪದದಲ್ಲೇ ಉಳಿದು 2004ರ ತನಕ ಅದೇ ರೋಗಿಗಳ ಸೇವೆ ನಡೆಸಿದರು. 2005ರಲ್ಲಿ ಪದ್ಮಶ್ರೀ ಬಂತು. ನನಗೆ ಪದ್ಮಶ್ರೀಗಿಂತ ಆ ಐದು ವರ್ಷಗಳೇ ದೊಡ್ಡ ಸಾಕ್ಷಿ.

ಇನ್ನೊಂದು ವಿಷಯ ಗಮನಿಸಿ. ಗ್ಲಾಡಿಸ್ ಕ್ಷಮಿಸಿದರು ಅಂತ ಕೇಸ್ ನಿಲ್ಲಲಿಲ್ಲ. ವಿಚಾರಣೆ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಹೊಡೆಯುವ ಗಂಡನ ಮನೆಗೆ "ಕ್ಷಮಿಸಿ ವಾಪಸ್ ಹೋಗಮ್ಮ" ಅಂತ ಹೆಣ್ಣುಮಕ್ಕಳನ್ನ ಕಳಿಸುವ ಉಪದೇಶ ನಮ್ಮ ನಡುವೆ ಇದೆ. ಅದು ವಾಕ್ಯ ಅಲ್ಲ. ಯಾರಾದ್ರೂ ನಿನ್ನ ಮೈಮೇಲೆ ಕೈ ಹಾಕಿದ್ರೆ, ಮಗಳೇ, ಪೊಲೀಸ್ ಕಂಪ್ಲೇಂಟ್ ಕೊಡು. ಅವನಿಂದ ದೂರ ಇರು. ದೂರ ಇದ್ದೇ ಅವನಿಗಾಗಿ ಪ್ರಾರ್ಥಿಸಬಹುದು. ಮುಯ್ಯಿ ಬೇರೆ, ನ್ಯಾಯ ಬೇರೆ.

ಶುರು ಹೇಗೆ? ದಾವೀದ ಕೀರ್ತನೆಗಳಲ್ಲಿ ತನ್ನ ಸಿಟ್ಟನ್ನೆಲ್ಲ ದೇವರ ಮುಂದೆ ಸುರಿದ. ನೀವೂ ಸುರಿಯಿರಿ, ವಾಟ್ಸ್ಆಪ್ ಸ್ಟೇಟಸ್‌ನಲ್ಲಿ ಬೇಡ. ಆಮೇಲೆ ಆ ವ್ಯಕ್ತಿಯ ಹೆಸರು ಹೇಳಿ, "ಕರ್ತನೇ, ಇವರಿಗೆ ನಿನ್ನ ಕೃಪೆ ಬೇಕು" ಅನ್ನಿ. ಮೊದಲ ದಿನ ಬಾಯಿ ಒಣಗುತ್ತೆ. ಪರವಾಗಿಲ್ಲ. ನಾಳೆಯೂ ಹೇಳಿ.

ಎದ್ದು ನಿಲ್ಲೋಣ. ವರ್ಷಿಪ್ ಟೀಮ್, ಹಾಡು ಈಗ ಬೇಡ, ಎರಡು ನಿಮಿಷ ಮೌನವಾಗಿರೋಣ. ಯಾರ ಹೆಸರು ಅಂತ ನಿಮಗೆ ಗೊತ್ತು.