ಡಬ್ಬಿ ಕೊಳ್ಳುವ ಮೊದಲು ನೀರು ನೋಡು

ತಮ್ಮಾ, ಬೈಲಹೊಂಗಲದ ತೋಟದ ಮನೆಯಲ್ಲಿ ಮಕ್ಕಳಿಗೆಂದು ಈಜುಕೊಳ ಕಟ್ಟಿಸಿದೆ, ಒಳ್ಳೆಯದು ಮಾಡಿದೆ. ನಾವು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಗೆ ಜಿಗಿದು ಈಜು ಕಲಿತವರು. ನಮ್ಮ ಆ ಬಾವಿ ಬತ್ತಿ ಎಷ್ಟೋ ವರ್ಷವಾಯಿತು. ಮುಂಗಾರಿನ ಎರಡು ದೊಡ್ಡ ಮಳೆ ಬಿದ್ದು ಎಂಟು ದಿನಕ್ಕೆ ಕೊಳದ ನೀರು ಹಸಿರಾಯಿತೆಂದು ಮೊನ್ನೆ ಫೋನು ಮಾಡಿದೆಯಲ್ಲ, ಅಂಗಡಿಯವರು ಫಾಸ್ಫೇಟ್ ತೆಗೆಯುವ ಔಷಧ ಕೊಡುತ್ತೇವೆ ಅಂದರಂತೆ. ಆ ಡಬ್ಬಿ ಕೊಳ್ಳುವ ಮೊದಲು ನನ್ನದೊಂದಿಷ್ಟು ಮಾತು ಕೇಳು.

ಫಾಸ್ಫೇಟ್ ನಿನಗೆ ಹೊಸದೇನೂ ಅಲ್ಲ. ನಾವು ರಂಜಕ ಅನ್ನುವುದು ಅದರ ರೂಪದಲ್ಲೇ ಹೊಲಕ್ಕೆ ಬೀಳುತ್ತದೆ. ಡಿಎಪಿ ಚೀಲದ ಮೇಲೆ 18-46 ಎಂದು ಬರೆದಿರುತ್ತದಲ್ಲ, ಆ 46 ರಂಜಕದ ಲೆಕ್ಕ. ಕಬ್ಬಿಗೆ ಬೇಕಾದಂತೆ ಹಾವಸೆಗೂ ಅದು ಬೇಕು. 1973ರಲ್ಲಿ ಕೆನಡಾದ ವಿಜ್ಞಾನಿಗಳು ಒಂದು ಕೆರೆಯ ನಡುವೆ ಪರದೆ ಇಳಿಬಿಟ್ಟು ಎರಡು ಪಾಲು ಮಾಡಿದರು. ಎರಡೂ ಕಡೆ ಸಾರಜನಕ, ಇಂಗಾಲ ಹಾಕಿ, ರಂಜಕವನ್ನು ಒಂದೇ ಕಡೆ ಹಾಕಿದರು. ರಂಜಕ ಬಿದ್ದ ಪಾಲು ಹಸಿರುಗಟ್ಟಿತು, ಇನ್ನೊಂದು ತಿಳಿಯಾಗೇ ಉಳಿಯಿತು.

ನಿನ್ನ ಕೊಳ 20 ಅಡಿ ಉದ್ದ, 10 ಅಡಿ ಅಗಲ, ನಾಲ್ಕೂವರೆ ಅಡಿ ಆಳ. ಅಂದರೆ ಸುಮಾರು 25 ಸಾವಿರ ಲೀಟರು ನೀರು. ಅಷ್ಟೂ ನೀರಿನ ಫಾಸ್ಫೇಟ್ 500 ಪಿಪಿಬಿಗೆ ಏರಬೇಕಾದರೆ 20 ಗ್ರಾಂ ಡಿಎಪಿ ಕರಗಿದರೆ ಸಾಕು. ಒಂದು ಹಿಡಿಯೂ ಆಗುವುದಿಲ್ಲ ನೋಡು. ಪಕ್ಕದ ಹೊಲದಲ್ಲಿ ಅದು ಚೀಲಗಟ್ಟಲೆ ಬಿದ್ದಿದೆ. ರಂಜಕ ಎರೆಮಣ್ಣಿಗೆ ಅಂಟಿಕೊಂಡು ಕೂರುವ ಜಾತಿ. ಮಳೆಯಲ್ಲಿ ರಾಡಿ ನೀರು ಹರಿದು ಬಂತೆಂದರೆ ಅದರ ಜೊತೆಗೇ ಬರುತ್ತದೆ.

ಹಾಗಂತ ಹಸಿರಿಗೆಲ್ಲ ಫಾಸ್ಫೇಟೇ ಕಾರಣವೆಂದು ತಿಳಿಯಬೇಡ. ಅದು ಹಾವಸೆಯ ಮೇವು ಅಷ್ಟೇ, ಕಾವಲು ಕಾಯುವುದು ಕ್ಲೋರಿನ್. ಕ್ಲೋರಿನ್ ದಿನವೂ ಸರಿಯಿದ್ದರೆ ಫಾಸ್ಫೇಟ್ ಹೆಚ್ಚಿದ್ದರೂ ನೀರು ತಿಳಿಯಾಗೇ ಇರುತ್ತದೆ, ಈಜುವವರಿಗೂ ಅಷ್ಟು ಫಾಸ್ಫೇಟಿನಿಂದ ತೊಂದರೆಯಿಲ್ಲ. ನನಗೆ ಅನುಮಾನ ನಿನ್ನ ಬ್ಲೀಚಿಂಗ್ ಪೌಡರಿನ ಮೇಲೆ. ಬಾಯಿ ಬಿಚ್ಚಿದ ಚೀಲ ಪಂಪಿನ ಮನೆಯಲ್ಲಿ ಬೇಸಿಗೆಯೆಲ್ಲ ಬಿದ್ದಿತ್ತು, ನಾನೇ ನೋಡಿದ್ದೇನೆ. ಆ ಬಿಸಿಗೆ, ತೇವಕ್ಕೆ ಅದರ ಕಸುವು ಇಳಿದುಹೋಗಿರುತ್ತದೆ. ಮೊದಲು ಕ್ಲೋರಿನ್ ಮತ್ತು ಪಿಎಚ್ ನೋಡು. ಪಿಎಚ್ 7.2ರಿಂದ 7.8ರ ನಡುವೆ ಇರಲಿ, ಕ್ಲೋರಿನ್ 1ರಿಂದ 3 ಪಿಪಿಎಂ ನಿಲ್ಲಲಿ. ಪೌಡರನ್ನು ಹೊತ್ತು ಮುಳುಗಿದ ಮೇಲೆ ಹಾಕು, ಹಗಲಲ್ಲಿ ಹಾಕಿದ್ದನ್ನು ಬಿಸಿಲು ತಿಂದುಬಿಡುತ್ತದೆ.

ಇಷ್ಟಾದ ಮೇಲೂ ಕ್ಲೋರಿನ್ ನಿಲ್ಲುತ್ತಿಲ್ಲವೆಂದರೆ ಆಗ ಫಾಸ್ಫೇಟ್ ಪರೀಕ್ಷೆ ಮಾಡು. ಮಳೆ ನಿಂತು ಪಂಪು ಒಂದು ದಿನ ಓಡಿದ ಮೇಲೆ, ನೀರು ಬೀಳುವ ಪೈಪಿನಿಂದ ದೂರ, ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆ. ಶೀಸೆಯನ್ನು ಸೋಪಿನ ಪುಡಿಯಿಂದ ತೊಳೆಯಬೇಡ, ಅದರಲ್ಲಿ ಫಾಸ್ಫೇಟ್ ಇದ್ದರೆ ಲೆಕ್ಕವೇ ಕೆಡುತ್ತದೆ. ಅದೇ ಕೊಳದ ನೀರಿನಲ್ಲಿ ಮೂರು ಸಲ ಜಾಲಿಸು. ರಾಡಿ ಕಂಡರೆ ಫಿಲ್ಟರ್ ಕಾಗದದಲ್ಲಿ ಸೋಸು. ಕಿಟ್ಟಿನ ಮಾಲಿಬ್ಡೇಟ್ ಔಷಧ ಹಾಕಿ, ಚೀಟಿಯಲ್ಲಿ ಹೇಳಿದಷ್ಟೇ ನಿಮಿಷ ಕಾದು, ನೆರಳಿನಲ್ಲಿ ಬಿಳಿ ಹಾಳೆ ಹಿಂದಿಟ್ಟು ನೀಲಿ ಬಣ್ಣ ಹೋಲಿಸು. ನೀಲಿ ಗಟ್ಟಿಯಾದಷ್ಟೂ ಫಾಸ್ಫೇಟ್ ಹೆಚ್ಚು. ಪಟ್ಟಿಯ ಕೊನೆಯ ಬಣ್ಣವನ್ನೂ ಮೀರಿದರೆ ಸುಮ್ಮನೆ ಅಂದಾಜು ಹೇಳಬೇಡ. ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ನೋಡಿ, ಬಂದದ್ದನ್ನು ಹತ್ತರಿಂದ ಗುಣಿಸು. ಬೋರಿನ ನೀರನ್ನೂ ಬೇರೆಯಾಗಿ ಪರೀಕ್ಷಿಸು. ಅಲ್ಲೇ ಫಾಸ್ಫೇಟ್ ಇದ್ದರೆ ಹೊಲದ ಮೇಲೆ ತಪ್ಪು ಹೊರಿಸಿ ಏನು ಪ್ರಯೋಜನ?

ಎಲ್ಲ ಊರಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಕಿತ್ತೂರಿನ ಕಡೆ ಮಳೆ ಹೆಚ್ಚು, ಗಿಡದ ಎಲೆ ಬಿದ್ದು ಕೊಳೆಯುವುದೂ ಹೆಚ್ಚು. ಅಲ್ಲಿ ಜಾಳಿಗೆ ಹಿಡಿದು ದಿನವೂ ಎಲೆ ತೆಗೆಯಬೇಕು. ಸವದತ್ತಿ, ರಾಮದುರ್ಗದ ಬಿಸಿಲಿಗೆ ನೀರು ಆರುತ್ತದೆ, ಅದರಲ್ಲಿದ್ದ ಫಾಸ್ಫೇಟ್ ಆರುವುದಿಲ್ಲ. ಮೇಲಿಂದ ಮೇಲೆ ಬೋರಿನ ನೀರು ತುಂಬಿದಂತೆ ಅದು ಕೂಡುತ್ತಲೇ ಹೋಗುತ್ತದೆ. ನಿನ್ನ ಕೊಳಕ್ಕೆ ಬೇಕಾದದ್ದು ಒಡ್ಡು. ಹೊಲದ ಕಡೆ ಒಂದು ಅಡಿ ಎತ್ತರದ ಕಟ್ಟೆ, ಅದರಾಚೆ ಒಂದು ಕಾಲುವೆ, ಕಾಲುವೆಯ ದಂಡೆಗೆ ಹುಲ್ಲು. ಕೆಲಸ ಎರಡು ದಿನದ್ದು. ಆ ಹುಲ್ಲು ಮಣ್ಣನ್ನು ಹಿಡಿದಿಟ್ಟು ನಿನ್ನ ಕೊಳವನ್ನಷ್ಟೇ ಕಾಯುವುದಿಲ್ಲ. ಇಲ್ಲವಾದರೆ ಅದೇ ಮಣ್ಣು ಹಳ್ಳ ಹಿಡಿದು ಮಲಪ್ರಭೆಗೆ ಸೇರಿ ನವಿಲುತೀರ್ಥದ ಅಣೆಕಟ್ಟಿಗೆ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡದವರು ಕುಡಿಯುವುದು ಅಲ್ಲಿಯ ನೀರನ್ನೇ.

ಒಡ್ಡು ಹಾಕಿ, ಕ್ಲೋರಿನ್ ಸರಿಮಾಡಿ, ಆಮೇಲೂ ಫಾಸ್ಫೇಟ್ ಸಾವಿರ ಪಿಪಿಬಿ ದಾಟಿಯೇ ಇದ್ದರೆ ಆ ಡಬ್ಬಿ ತಾ. ಅದರಲ್ಲಿ ಸಾಮಾನ್ಯವಾಗಿ ಇರುವುದು ಲ್ಯಾಂಥನಮ್. ಫಾಸ್ಫೇಟನ್ನು ಹಿಡಿದು ಬಿಳಿ ಪುಡಿಯಾಗಿಸುತ್ತದೆ, ನೀರು ಒಂದೆರಡು ದಿನ ಹಾಲಿನಂತಾಗುತ್ತದೆ. ಫಿಲ್ಟರನ್ನು ಮತ್ತೆ ಮತ್ತೆ ತೊಳೆಯಬೇಕು, ತೊಳೆದ ನೀರನ್ನು ಹಳ್ಳಕ್ಕೆ ಬಿಡಬಾರದು. ದ್ರಾಕ್ಷಿಗೆ ಹೊಡೆಯುವ ಮೈಲುತುತ್ತವನ್ನು ಮಾತ್ರ ತಂದು ಸುರಿಯಬೇಡ. ತಾಮ್ರದ ಕಲೆ ಗೋಡೆಗೆ ಹಿಡಿದರೆ ಬಿಡುವುದು ಕಷ್ಟ.

ಇನ್ನೊಂದು ಮಾತು ತಮ್ಮಾ, ಇದನ್ನು ಮನೆಯವರಿಗೆಲ್ಲ ಹೇಳಿಡು. ನೀರು ಹಸಿರಿರಲಿ, ಹಾಲಿನಂತಿರಲಿ, ದಂಡೆಯ ಮೇಲೆ ನಿಂತಾಗ ಕೊಳದ ತಳದ ಜಾಲರಿ ಕಣ್ಣಿಗೆ ಕಾಣದಿದ್ದರೆ ಆ ದಿನ ಒಂದು ಮಗುವನ್ನೂ ನೀರಿಗೆ ಇಳಿಸಬೇಡ. ಮುಳುಗಿದ ಮಗು ಅಂಥ ನೀರಿನಲ್ಲಿ ಮೇಲಿದ್ದವರಿಗೆ ಕಾಣುವುದಿಲ್ಲ.