ಗಾಳಿಗೆ ತಿರುಗುವ ಕಯಾಕನ್ನು ನೇರ ನಡೆಸುವುದು

ಕಾರವಾರದ ಟಾಗೋರ್ ಕಡಲತೀರದಿಂದ ದಂಡೆಗುಂಟ ಉತ್ತರಕ್ಕೆ, ಕಾಳಿ ನದಿ ಕಡಲು ಸೇರುವ ಕಡೆಗೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಹೊತ್ತೇರಿದಂತೆ ಪಡುವಣ ಕಡಲಗಾಳಿ ಏಳುತ್ತದೆ. ಅದು ನಿಮ್ಮ ಎಡಮಗ್ಗುಲಿಗೆ ಬಡಿಯುತ್ತದೆ. ಗಾಳಿ ಬಲಕ್ಕೆ ತಳ್ಳುತ್ತಿದ್ದರೂ ಕಯಾಕಿನ ಮೂತಿ ಮಾತ್ರ ಎಡಕ್ಕೆ, ಗಾಳಿ ಬರುವತ್ತಲೇ ಹೊರಳುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ.

ತಪ್ಪು ನಿಮ್ಮದಲ್ಲ. ಮುಂದೆ ಸಾಗುವಾಗ ಮೂತಿ ನೀರನ್ನು ಸೀಳುತ್ತದೆ. ಎರಡೂ ಬದಿಯ ಒತ್ತಡ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಹಿಂತುದಿಗೆ ಅಂಥ ಹಿಡಿತವಿಲ್ಲ. ಗಾಳಿ ಅದನ್ನು ಬಲಕ್ಕೆ ಜಾರಿಸಿದರೆ ಮೂತಿ ಎಡಕ್ಕೆ ಹೋಗಲೇಬೇಕು. ಹಾಗಾಗಿ ಬರಿಯ ರಟ್ಟೆಬಲದಿಂದ ಜೋರಾಗಿ ಹುಟ್ಟು ಹಾಕಿದರೆ ಇದು ಸರಿಹೋಗದು, ದಣಿವಷ್ಟೇ ಉಳಿದೀತು.

ಮದ್ದು ದಡದಲ್ಲೇ ಶುರುವಾಗುತ್ತದೆ. ನೀರಿನ ಬಾಟಲಿ, ಚೀಲಗಳನ್ನೆಲ್ಲ ಮುಂದಕ್ಕೆ ತುಂಬಿದರೆ ಮೂತಿ ಇನ್ನಷ್ಟು ಆಳಕ್ಕಿಳಿದು ಹೊರಳಾಟ ಹೆಚ್ಚುತ್ತದೆ. ಭಾರ ತುಸು ಹಿಂದಿರಲಿ. ಕಯಾಕಿನ ಅಡಿಯಲ್ಲಿ ಹಿಂದೆ ಇಳಿಬಿಡುವ ಸಣ್ಣ ರೆಕ್ಕೆ, ಸ್ಕೆಗ್, ಇದ್ದರೆ ಅಡ್ಡಗಾಳಿಗೆ ಅರ್ಧದಷ್ಟು ಇಳಿಸಿ ನೋಡಿ. ಮೂತಿ ಇನ್ನೂ ಗಾಳಿಯತ್ತ ಹೋದರೆ ಮತ್ತಷ್ಟು ಇಳಿಸಿ. ಗಾಳಿಯಿಂದ ದೂರ ಸರಿಯತೊಡಗಿದರೆ ಸ್ವಲ್ಪ ಮೇಲೆತ್ತಿ. ಎದುರುಗಾಳಿಗೆ ಅದು ಬೇಕಿಲ್ಲ.

ಸ್ಕೆಗ್ ಇಲ್ಲದಿದ್ದರೆ ಸೊಂಟವೇ ಆಧಾರ. ಎಡ ಪೃಷ್ಠವನ್ನು ಒತ್ತಿ, ಬಲ ಮೊಣಕಾಲಿನಿಂದ ಕಯಾಕನ್ನು ಮೇಲೆತ್ತಿ. ವಾಲಬೇಕಾದ್ದು ಕಯಾಕ್, ನೀವಲ್ಲ, ಬೆನ್ನು ನೇರವಾಗಿರಲಿ. ಎಡಕ್ಕೆ ವಾಲಿದ ಕಯಾಕ್ ಬಲಕ್ಕೆ ತಿರುಗುತ್ತದೆ. ಜೊತೆಗೆ ಎಡಗಡೆ ಪಾದದ ಬಳಿಯಿಂದ ಹಿಂದಿನವರೆಗೆ ಹುಟ್ಟನ್ನು ಅಗಲವಾಗಿ ಬೀಸಿ. ಇದನ್ನು ಮೊದಲು ಕಾಳಿಯ ಹಿನ್ನೀರಿನಲ್ಲಿ, ಗಾಳಿಯಿಲ್ಲದ ಬೆಳಗಿನಲ್ಲಿ ಕಲಿಯಿರಿ. ದೇಹಕ್ಕೆ ರೂಢಿಯಾಗಲು ಕಾಲ ಬೇಕು, ಅವಸರ ಬೇಡ.

ಎಲ್ಲಕ್ಕಿಂತ ಕಷ್ಟ ಹಿಂದಿನಿಂದ ಬರುವ ಅಲೆ. ಅದು ಹಿಂಭಾಗವನ್ನೆತ್ತಿ, ಮೂತಿಯನ್ನು ನೀರಿಗೊತ್ತಿ, ಕಯಾಕನ್ನು ಅಡ್ಡಕ್ಕೆ ತಿರುಗಿಸಿಬಿಡುತ್ತದೆ. ತಿರುಗಿದ ಮೇಲೆ ತಿದ್ದುವುದು ಬಹಳ ಕಷ್ಟ. ಹಿಂಭಾಗ ಏಳುತ್ತಿದೆ ಎನ್ನಿಸಿದ ಕೂಡಲೇ ಹುಟ್ಟನ್ನು ಹಿಂದೆ, ಕಯಾಕಿಗೆ ಸಮಾನಾಂತರವಾಗಿ ಮುಳುಗಿಸಿ ಚುಕ್ಕಾಣಿಯಂತೆ ಹಿಡಿಯಿರಿ. ಅಷ್ಟಾದರೂ ಅಡ್ಡವಾದರೆ, ಅಲೆ ಬರುವ ಕಡೆಗೇ ವಾಲಿ, ಆ ಬದಿಯ ನೀರಿಗೆ ಹುಟ್ಟನ್ನು ಊರಿಕೊಳ್ಳಿ.

ಮೂತಿ ನೇರವಿದ್ದರೂ ಗಾಳಿ ಇಡೀ ಕಯಾಕನ್ನು ಬದಿಗೆ ಒಯ್ಯುತ್ತಿರಬಹುದು. ಇದನ್ನು ಅರಿಯಲು ಎದುರಿನ ಎರಡು ಗುರುತುಗಳನ್ನು ಒಂದೇ ಸಾಲಿಗೆ ತನ್ನಿ: ಸಮೀಪದ್ದು ಸೇತುವೆಯ ಕಂಬ, ದೂರದ್ದು ಗುಡ್ಡದ ಮರ. ಕಂಬ ಮರಕ್ಕಿಂತ ಎಡಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ಹೋಗಿದ್ದೀರಿ. ಮೂತಿಯನ್ನು ತುಸು ಎಡಕ್ಕಿಟ್ಟು ಸಾಗಿ.

ಅಲೆಗಳ ನೆತ್ತಿಯಲ್ಲಿ ಅಲ್ಲಲ್ಲಿ ಬೆಳ್ನೊರೆ ಕಂಡರೆ ಗಾಳಿ ಗಂಟೆಗೆ ಸುಮಾರು 12ರಿಂದ 19 ಕಿ.ಮೀ. ಮುಟ್ಟಿದೆ ಎಂದರ್ಥ. ಹೊಸಬರು ಆಗ ದಡಕ್ಕೆ ಮರಳಿ. ಮಳೆಗಾಲದಲ್ಲಿ ಕಡಲಿಗಿಳಿಯಬೇಡಿ; ಉಳಿದ ದಿನಗಳಲ್ಲೂ ಲೈಫ್ ಜಾಕೆಟ್ ಇಲ್ಲದೆ, ಜೊತೆಗಾರರಿಲ್ಲದೆ ಹೊರಡಬೇಡಿ.